ಎಂಟರಲ್ಲಿ ಎರಡು ಕೋರ್ ಮಾತ್ರ ಯಾಕಿಷ್ಟು ಬಿಸಿಯಾಗುತ್ತವೆ?

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನವನು. ಕಳೆದ ವರ್ಷ ಬೆಂಗಳೂರಿನಲ್ಲಿ ಅನಿಮೇಷನ್ ಕಲಿಯುತ್ತಿದ್ದಾಗ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ನಾನೇ ಕಂಪ್ಯೂಟರ್ ಜೋಡಿಸಿದೆ. ಇಂಟೆಲ್ ಕೋರ್ ಐ7-12700 ಪ್ರೊಸೆಸರ್, ನಾಲ್ಕು ಹೀಟ್ ಪೈಪ್‌ಗಳ ಟವರ್ ಕೂಲರ್. ಆಗ ಬ್ಲೆಂಡರ್ ಅನ್ನುವ ಅನಿಮೇಷನ್ ತಂತ್ರಾಂಶದಲ್ಲಿ ರೆಂಡರ್‌ಗೆ ಹಾಕಿದರೆ ಕೋರ್ ಕೋರ್ ನಡುವೆ 8 ಡಿಗ್ರಿ ವ್ಯತ್ಯಾಸ ಇರುತ್ತಿತ್ತು. ಎರಡು ತಿಂಗಳ ಹಿಂದೆ ಕೋರ್ಸ್ ಮುಗಿಸಿ ಕಂಪ್ಯೂಟರನ್ನು ಬಸ್ಸಿನಲ್ಲಿ ಊರಿಗೆ ತಂದೆ. ಈಗ ಅದೇ ಫೈಲ್ ರೆಂಡರ್ ಮಾಡಿದರೆ ಎಂಟು ಪಿ-ಕೋರ್‌ಗಳಲ್ಲಿ (ಭಾರಿ ಕೆಲಸಕ್ಕಿರುವ ದೊಡ್ಡ ಕೋರ್‌ಗಳು) ಆರು 74ರಿಂದ 80 ಡಿಗ್ರಿ, ಎರಡು ಮಾತ್ರ 91 ಮತ್ತು 93. ಇ-ಕೋರ್‌ಗಳು (ಕಡಿಮೆ ವಿದ್ಯುತ್ತಿನ ಚಿಕ್ಕ ಕೋರ್‌ಗಳು) 67ರ ಆಸುಪಾಸು. ಆಗ ಪ್ರೊಸೆಸರ್ ಸುಮಾರು 160 ವಾಟ್ ಎಳೆಯುತ್ತದೆ, ಕೋಣೆಯಲ್ಲಿ 24 ಡಿಗ್ರಿ. ಸುಮ್ಮನಿದ್ದಾಗಲೂ ಒಂದು ಕೋರ್ 31, ಇನ್ನೊಂದು 42 ತೋರಿಸುತ್ತದೆ. ಒಬ್ಬ ಗೆಳೆಯ ಚಿಪ್ ಕೆಟ್ಟಿದೆ, ಬೇಗ ಮಾರಿಬಿಡು ಅನ್ನುತ್ತಾನೆ. ಇನ್ನೊಬ್ಬ ಲಿಕ್ವಿಡ್ ಕೂಲರ್ ಹಾಕು ಅನ್ನುತ್ತಾನೆ. ಅಪ್ಪ ರೇಷ್ಮೆ ಗೂಡು ಮಾರಿದ ದುಡ್ಡಲ್ಲಿ ಕೊಂಡ ಕಂಪ್ಯೂಟರ್ ಇದು. ಏನು ಮಾಡಲಿ?

ಉತ್ತರ: ಮಾರಬೇಡಿ. ಲಿಕ್ವಿಡ್ ಕೂಲರ್‌ಗೂ ಈಗಲೇ ದುಡ್ಡು ಹಾಕಬೇಡಿ. ಚಿಪ್ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 93 ಡಿಗ್ರಿಯ ಮೇಲಲ್ಲ, "ಬಸ್ಸಿನಲ್ಲಿ ಊರಿಗೆ ತಂದೆ" ಅನ್ನುವ ಮಾತಿನ ಮೇಲೆ. ಆದರೆ ನನ್ನ ಅನುಮಾನವನ್ನು ನೀವು ಹಾಗೇ ನಂಬಬೇಕಿಲ್ಲ. ಒಂದು ರೂಪಾಯಿ ಖರ್ಚಿಲ್ಲದೆ ಮನೆಯಲ್ಲೇ ಪರೀಕ್ಷಿಸಿ ನೋಡಬಹುದು, ಅದನ್ನೇ ವಿವರವಾಗಿ ಹೇಳುತ್ತೇನೆ.

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳೋಣ. ಕೋಣೆ ಬಿಸಿಯಾದರೆ, ಫ್ಯಾನ್ ನಿಧಾನವಾದರೆ, ಕೂಲರ್‌ನ ರೆಕ್ಕೆಗಳಲ್ಲಿ ದೂಳು ಕೂತರೆ, ಕೇಸಿನೊಳಗೆ ಗಾಳಿ ಓಡಾಡದಿದ್ದರೆ ಎಲ್ಲ ಕೋರ್‌ಗಳೂ ಒಟ್ಟಿಗೆ ಮೇಲೇರುತ್ತವೆ. ಗಾಳಿಗೆ ಮೂರನೇ ಕೋರ್ ಯಾವುದು, ಐದನೇ ಕೋರ್ ಯಾವುದು ಅಂತ ಗೊತ್ತಿಲ್ಲ. ನಿಮ್ಮ ಆರು ಕೋರ್‌ಗಳು 160 ವಾಟ್‌ನಲ್ಲೂ 80 ದಾಟಿಲ್ಲ ಅಂದಮೇಲೆ ಕೂಲರ್‌ನ ಶಕ್ತಿಗೆ ಕೊರತೆಯಿಲ್ಲ, ಫ್ಯಾನ್ ಸರಿಯಾಗಿದೆ, ದೂಳೂ ಕಾರಣವಲ್ಲ. ಲಿಕ್ವಿಡ್ ಕೂಲರ್ ಬೇಡ ಅಂದದ್ದು ಇದಕ್ಕೇ. ಕೆಲವು ಕೋರ್ ಮಾತ್ರ ಕಾದರೆ ಕಾರಣ ನಾಲ್ಕೇ ಕಡೆ ಇರಬಹುದು: ಸೆನ್ಸರ್‌ನ ಓದು, ಆ ಕೋರ್‌ಗೆ ಬಿದ್ದ ಕೆಲಸ, ಚಿಪ್‌ನ ರಚನೆ, ಇಲ್ಲವೇ ಚಿಪ್ಪಿಗೂ ಕೂಲರಿಗೂ ನಡುವಿನ ಸ್ಪರ್ಶ.

ಸೆನ್ಸರ್‌ನಿಂದ ಶುರು ಮಾಡುತ್ತೇನೆ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಮನೆಯಲ್ಲೂ ಹುಳು ಮೇಯಿಸುತ್ತಿದ್ದರು. ಕೊನೆಯ ಹಂತದ ಹುಳುಗಳಿಗೆ 24–25 ಡಿಗ್ರಿ ಇರಬೇಕು. ಹುಳು ಮನೆಯ ಬಾಗಿಲ ಹತ್ತಿರ ಒಂದು ಥರ್ಮಾಮೀಟರ್, ಒಳಗಿನ ತಟ್ಟೆ ಸ್ಟ್ಯಾಂಡಿನ ಹತ್ತಿರ ಇನ್ನೊಂದು. ಎರಡರ ನಡುವೆ ಮೂರು ಡಿಗ್ರಿ ವ್ಯತ್ಯಾಸ ಕಂಡರೆ ಅಪ್ಪ ಮೊದಲು ಕಿಟಕಿ ತೆಗೆಯುತ್ತಿರಲಿಲ್ಲ. ಎರಡನ್ನೂ ಒಂದೇ ಮೊಳೆಗೆ ನೇತುಹಾಕಿ ಅರ್ಧ ಗಂಟೆ ಕಾಯುತ್ತಿದ್ದರು. ಅಲ್ಲೂ ಎರಡು ಡಿಗ್ರಿ ವ್ಯತ್ಯಾಸ ಉಳಿದರೆ ಅದು ಥರ್ಮಾಮೀಟರ್‌ನ ಗುಣ. ಬಾಕಿ ಒಂದು ಡಿಗ್ರಿ ಮಾತ್ರ ಮನೆಯದ್ದು.

ನಿಮ್ಮ ಪ್ರೊಸೆಸರ್‌ನಲ್ಲೂ ಪ್ರತಿ ಕೋರ್‌ಗೆ ತನ್ನದೇ ಡಿಜಿಟಲ್ ಸೆನ್ಸರ್ ಇದೆ. ಆದರೆ ಇಂಟೆಲ್ ಚಿಪ್‌ಗಳಲ್ಲಿ ಅದು ಅಳೆಯುವುದು ಸೊನ್ನೆಯಿಂದ ಎಷ್ಟು ಮೇಲಿದ್ದೇವೆ ಅನ್ನುವುದನ್ನಲ್ಲ, ಗರಿಷ್ಠ ಮಿತಿಯಿಂದ ಎಷ್ಟು ಕೆಳಗಿದ್ದೇವೆ ಅನ್ನುವುದನ್ನು. ಐ7-12700ಕ್ಕೆ ಆ ಮಿತಿ 100 ಡಿಗ್ರಿ. ಮಿತಿಯ ಹತ್ತಿರ ಬಂದಷ್ಟೂ ಓದು ನಂಬಿಕೆಗೆ ಅರ್ಹ, ಕೆಳಗೆ ಹೋದಷ್ಟೂ ಸಡಿಲ. ಸೆನ್ಸರ್ ಇರುವುದೇ ಚಿಪ್ ಸುಡದಂತೆ ಕಾಯಲಿಕ್ಕೆ, ತಣ್ಣಗಿರುವಾಗಿನ ಲೆಕ್ಕ ಬರೆಯಲಿಕ್ಕಲ್ಲ. ಹಾಗಾಗಿ ಸುಮ್ಮನಿದ್ದಾಗ ಕಂಡ 31 ಮತ್ತು 42ನ್ನು ಮರೆತುಬಿಡಿ.

ಆ 42ಕ್ಕೆ ಇನ್ನೊಂದು ಕಾರಣವೂ ಇರಬಹುದು. ನಿಮ್ಮ ಚಿಪ್‌ನಲ್ಲಿ ಟರ್ಬೊ ಬೂಸ್ಟ್ ಮ್ಯಾಕ್ಸ್ 3.0 ಅನ್ನುವ ಸೌಲಭ್ಯವಿದೆ. ಎಂಟು ಪಿ-ಕೋರ್‌ಗಳಲ್ಲಿ ಚೆನ್ನಾಗಿ ಬಂದಿರುವವನ್ನು ತಯಾರಕರೇ ಗುರುತಿಸಿರುತ್ತಾರೆ, ಅವು 4.9 ಗಿಗಾಹರ್ಟ್ಸ್‌ವರೆಗೆ ಓಡುತ್ತವೆ, ಉಳಿದವು 4.8. ಬ್ರೌಸರ್ ತೆರೆಯುವುದು, ಫೋಲ್ಡರ್ ಹುಡುಕುವುದು, ಇಂಥ ಸಣ್ಣ ಕೆಲಸಗಳನ್ನು ವಿಂಡೋಸ್ ಆ ಕೋರ್‌ಗಳಿಗೇ ಕೊಡಲು ನೋಡುತ್ತದೆ. ಊರಲ್ಲಿ ಚೆನ್ನಾಗಿ ಉಳುವ ಎತ್ತಿಗೇ ಎಲ್ಲರೂ ನೊಗ ಕಟ್ಟುವ ಹಾಗೆ. ಹೆಚ್ಚು ದುಡಿದದ್ದು ಹೆಚ್ಚು ಕಾಯುತ್ತದೆ, ಅದರಲ್ಲಿ ದೋಷವಿಲ್ಲ.

ಆದ್ದರಿಂದ ಅಳೆಯುವುದಿದ್ದರೆ ಎಲ್ಲ ಕೋರ್‌ಗೂ ಒಂದೇ ಭಾರ ಹಾಕಿ ಅಳೆಯಬೇಕು. ಪ್ರೊಸೆಸರ್‌ಗೆ ಭಾರ ಹಾಕುವ ಸಿನೆಬೆಂಚ್ ತಂತ್ರಾಂಶದ ಮಲ್ಟಿ ಕೋರ್ ಪರೀಕ್ಷೆಯನ್ನು ಹದಿನೈದು ನಿಮಿಷ ಬಿಡದೆ ಓಡಿಸಿ, ಅಥವಾ ಪ್ರೈಮ್95ರಲ್ಲಿ ಸ್ಮಾಲ್ ಎಫ್‌ಎಫ್‌ಟಿ ಆರಿಸಿ. ತಾಪ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದು ಸರಾಸರಿಯ ಕಾಲಂ ನೋಡಿ. ಗರಿಷ್ಠದ ಕಾಲಂ ಬೇಡ, ಒಂದು ಕ್ಷಣ ಜಿಗಿದ ಸಂಖ್ಯೆಯೂ ಅಲ್ಲಿ ಉಳಿದುಬಿಡುತ್ತದೆ. ಎಂಟು ಪಿ-ಕೋರ್‌ಗಳ ತಾಪ, ಪ್ಯಾಕೇಜ್ ಪವರ್ ಎಷ್ಟು ವಾಟ್, ಕೋಣೆಯ ತಾಪ ಎಷ್ಟು, ಇವಿಷ್ಟನ್ನು ಕಾಗದದಲ್ಲಿ ಬರೆದುಕೊಳ್ಳಿ. ಇ-ಕೋರ್‌ಗಳನ್ನು ಈ ಹೋಲಿಕೆಗೆ ಸೇರಿಸಬೇಡಿ. ಅವು ಚಿಕ್ಕವು, ಕಡಿಮೆ ವಿದ್ಯುತ್ ತಿನ್ನುತ್ತವೆ, ತಣ್ಣಗಿರುವುದು ಅವುಗಳ ಸಹಜ.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ. ಬಯಾಸ್‌ಗೆ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪರದೆಗೆ ಹೋಗಿ ಪ್ರೊಸೆಸರ್‌ನ ವಿದ್ಯುತ್ ಮಿತಿಗಳನ್ನು, ಅಂದರೆ ಪಿಎಲ್1 (ದೀರ್ಘ ಓಟದ ಮಿತಿ) ಮತ್ತು ಪಿಎಲ್2 (ಸ್ವಲ್ಪ ಹೊತ್ತಿನ ಮಿತಿ) ಎರಡನ್ನೂ, 65 ವಾಟ್‌ಗೆ ಇಳಿಸಿ. ಅದೇ ಪರೀಕ್ಷೆ, ಅದೇ ಹದಿನೈದು ನಿಮಿಷ. ಎಲ್ಲ ಕೋರ್‌ಗಳ ತಾಪವೂ ಇಳಿಯುತ್ತದೆ, ಅದು ಮುಖ್ಯವಲ್ಲ. ಅತಿ ಬಿಸಿ ಕೋರ್‌ಗೂ ಅತಿ ತಣ್ಣನೆಯ ಕೋರ್‌ಗೂ ನಡುವಿನ ಅಂತರ ಏನಾಯಿತು ನೋಡಿ. ಈಗ 93ರಿಂದ 74 ಕಳೆದರೆ 19. ಶಾಖ ಹರಿಯುವ ದಾರಿಯಲ್ಲಿ ತಡೆ ಇದ್ದರೆ ಹರಿಯುವ ಶಾಖ ಹೆಚ್ಚಿದಷ್ಟೂ ಅಂತರ ಹೆಚ್ಚುತ್ತದೆ, ಕಡಿಮೆಯಾದರೆ ಅದೇ ಲೆಕ್ಕದಲ್ಲಿ ಇಳಿಯುತ್ತದೆ. 160 ವಾಟ್‌ಗೆ 19 ಡಿಗ್ರಿ ಆದರೆ 65 ವಾಟ್‌ಗೆ 8 ಡಿಗ್ರಿಯ ಹತ್ತಿರ ಬರಬೇಕು. ಹಾಗೆ ಬಂದರೆ ತಡೆ ನಿಜವಾಗಿಯೂ ಇದೆ, ಅದನ್ನು ಹುಡುಕಬಹುದು. ಅದರ ಬದಲು 65 ವಾಟ್‌ನಲ್ಲೂ 15, 16 ಡಿಗ್ರಿ ಉಳಿದರೆ ಅಂತರದ ಬಹುಪಾಲು ಸೆನ್ಸರ್‌ನದ್ದು. ಒಂದೇ ಮೊಳೆಗೆ ನೇತುಹಾಕಿದ ಎರಡು ಥರ್ಮಾಮೀಟರ್ ನೆನಪಿಸಿಕೊಳ್ಳಿ. ಅಂಥ ಅಂತರವನ್ನು ಚಿಪ್ಪಿಗೂ ಕೂಲರಿಗೂ ನಡುವೆ ಶಾಖ ದಾಟಲು ಹಚ್ಚುವ ಯಾವ ಪೇಸ್ಟೂ ಯಾವ ಕೂಲರೂ ಅಳಿಸುವುದಿಲ್ಲ, ಅಳಿಸಬೇಕಾಗಿಯೂ ಇಲ್ಲ.

ಎರಡನೇ ಪರೀಕ್ಷೆಗೆ ಸ್ಕ್ರೂಡ್ರೈವರ್ ಕೂಡ ಬೇಡ. ಕಂಪ್ಯೂಟರ್ ಆಫ್ ಮಾಡಿ, ತಂತಿ ಕಿತ್ತು, ಕೇಸನ್ನು ಮಲಗಿಸಿ: ಮದರ್‌ಬೋರ್ಡ್ ಕೆಳಗೆ, ತೆರೆಯುವ ಬಾಗಿಲು ಮೇಲೆ. ಮತ್ತೆ ತಂತಿ ಕೊಟ್ಟು, ವಿದ್ಯುತ್ ಮಿತಿಯನ್ನು ಹಿಂದಿನಂತೆ ಮಾಡಿ, ಪರೀಕ್ಷೆ ಓಡಿಸಿ. ಕೇಸ್ ನಿಂತಿರುವಾಗ ಟವರ್ ಕೂಲರ್ ಗೋಡೆಗೆ ಬಡಿದ ಗೂಟದ ಹಾಗೆ ಅಡ್ಡಕ್ಕೆ ಚಾಚಿ ನೇತಾಡುತ್ತಿರುತ್ತದೆ. ಅದರ ತೂಕವೆಲ್ಲ ಬುಡವನ್ನು ಒಂದು ಅಂಚಿನಲ್ಲಿ ಒತ್ತಿ, ಇನ್ನೊಂದು ಅಂಚಿನಲ್ಲಿ ಎತ್ತಲು ನೋಡುತ್ತದೆ. ಸ್ಕ್ರೂಗಳು ಬಿಗಿಯಾಗಿದ್ದರೆ ಏನೂ ಆಗದು. ಒಂದು ಸ್ಕ್ರೂ ಸಡಿಲವಾಗಿದ್ದರೂ ಆ ಮೂಲೆ ಕೂದಲೆಳೆಯಷ್ಟು ಎದ್ದಿರುತ್ತದೆ. ಮಲಗಿಸಿದಾಗ ತೂಕ ನೇರ ಚಿಪ್ಪಿನ ಮೇಲೆ ಬೀಳುತ್ತದೆ. ಮಲಗಿಸಿದ ಕೂಡಲೇ 93 ಇದ್ದದ್ದು 85ಕ್ಕೆ ಬಂದರೆ ಕಳ್ಳ ಸಿಕ್ಕಿದ ಹಾಗೆ. ಬಸ್ಸಿನ ಪ್ರಯಾಣದ ಬಗ್ಗೆ ನನ್ನ ಅನುಮಾನ ಇದೇ. ಮುಕ್ಕಾಲು ಕೆ.ಜಿ. ತೂಗುವ ಕೂಲರನ್ನು ಬಿಚ್ಚದೆ ಅಷ್ಟು ದೂರ ಬಸ್ಸಿನಲ್ಲಿ ತಂದಿದ್ದೀರಿ. ಪ್ರತಿ ಹಂಪ್‌ನಲ್ಲೂ ಅದು ಬುಡವನ್ನು ಜಗ್ಗಿರುತ್ತದೆ. ಒಮ್ಮೆ ಎದ್ದ ಅಂಚು ಮತ್ತೆ ಕೂತರೂ ಪೇಸ್ಟ್‌ನಲ್ಲಿ ಸೇರಿದ ಗಾಳಿ ಹೊರಗೆ ಹೋಗುವುದಿಲ್ಲ. ತಾಮ್ರದ ಶಾಖವಾಹಕತೆ ಸುಮಾರು 400, ಒಳ್ಳೆಯ ಪೇಸ್ಟ್‌ನದ್ದು ಹತ್ತರ ಆಸುಪಾಸು, ಗಾಳಿಯದ್ದು 0.03ಕ್ಕಿಂತ ಕಡಿಮೆ. ಕಣ್ಣಿಗೆ ಕಾಣದ ಗಾಳಿಯ ಪದರ ಎಷ್ಟು ದೊಡ್ಡ ಗೋಡೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಮಲಗಿಸಿದರೂ ಏನೂ ಬದಲಾಗದಿದ್ದರೆ ಸ್ಪರ್ಶ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಪೇಸ್ಟ್ ಒಣಗಿರಬಹುದು, ಅಥವಾ ಕಾದು ತಣಿದು ಕಾದು ತಣಿದು ನಡುವಿನಿಂದ ಅಂಚಿಗೆ ಸರಿದಿರಬಹುದು. ವರ್ಷದಲ್ಲಿ ಹೀಗಾಗುವ ಪೇಸ್ಟ್‌ಗಳನ್ನು ನಾನು ಬಹಳ ನೋಡಿದ್ದೇನೆ. ಯಾವುದಾದರೂ ಸರಿ, ಕೂಲರ್ ಬಿಚ್ಚಿ ಮತ್ತೆ ಕೂರಿಸುವುದೇ ಮುಂದಿನ ಹೆಜ್ಜೆ.

ಬಿಚ್ಚುವ ಮುನ್ನ ಐದು ನಿಮಿಷ ಪ್ರೊಸೆಸರ್‌ಗೆ ಕೆಲಸ ಕೊಟ್ಟು ಬಿಸಿ ಮಾಡಿ, ಆಮೇಲೆ ಆಫ್ ಮಾಡಿ. ಪೇಸ್ಟ್ ಮೆದುವಾಗಿರುತ್ತದೆ. ಸ್ಕ್ರೂಗಳನ್ನು ತೆಗೆಯುವಾಗ ಪ್ರತಿಯೊಂದೂ ಎಷ್ಟು ಬಿಗಿಯಿತ್ತು ಅನ್ನುವುದನ್ನು ಕೈಯಲ್ಲೇ ಗಮನಿಸಿ, ಒಂದು ಸುಲಭವಾಗಿ ತಿರುಗಿದರೆ ಉತ್ತರ ಅಲ್ಲೇ ಇದೆ. ಕೂಲರನ್ನು ನೇರ ಮೇಲಕ್ಕೆ ಕೀಳಬೇಡಿ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ ಬಿಡಿಸಿ. ನಿಮ್ಮ ಚಿಪ್ ಚೌಕಟ್ಟಿನೊಳಗೆ ಭದ್ರವಾಗಿರುವುದರಿಂದ ಹೊರಬರುವುದಿಲ್ಲ. ಎಎಂಡಿಯ ಎಎಂ4 ಬೋರ್ಡ್ ಇರುವವರು ಮಾತ್ರ ಬಹಳ ಎಚ್ಚರ ವಹಿಸಬೇಕು. ಅಲ್ಲಿ ಜೋರಾಗಿ ಎಳೆದರೆ ಚಿಪ್ಪೂ ಕೂಲರ್ ಜೊತೆ ಎದ್ದು ಬರುತ್ತದೆ, ಪಿನ್‌ಗಳು ಬಾಗುತ್ತವೆ.

ಬಿಚ್ಚಿದ ಕೂಡಲೇ ಒರೆಸಲು ಹೋಗಬೇಡಿ. ಮೊಬೈಲ್‌ನಲ್ಲಿ ಎರಡೂ ಮೇಲ್ಮೈಗಳ ಫೋಟೋ ತೆಗೆಯಿರಿ. ಪೇಸ್ಟ್‌ನ ಗುರುತು ಓದಲು ಕಲಿತರೆ ಬೇರೆ ಉಪಕರಣವೇ ಬೇಡ. ಎಲ್ಲೆಡೆ ತೆಳ್ಳಗೆ ಒಂದೇ ಸಮ ಇದ್ದರೆ ಸ್ಪರ್ಶ ಚೆನ್ನಾಗಿತ್ತು. ಒಂದು ಬದಿ ದಪ್ಪ, ಎದುರು ಬದಿ ಲೋಹ ಕಾಣುವಷ್ಟು ತೆಳು ಇದ್ದರೆ ಕೂಲರ್ ವಾಲಿತ್ತು. ನಡುವೆ ದಪ್ಪ, ಎರಡು ಅಂಚಲ್ಲಿ ತೆಳು ಇದ್ದರೆ ಚಿಪ್‌ನ ಮುಚ್ಚಳವೇ ನಡುವಿನಲ್ಲಿ ತಗ್ಗಾಗಿದೆ.

ಈ ಕೊನೆಯದು ನಿಮ್ಮ ಪೀಳಿಗೆಯ ಚಿಪ್‌ಗಳಿಗೆ ವಿಶೇಷ. ಹಿಂದಿನ ಸಾಕೆಟ್ (ಚಿಪ್ ಕೂರುವ ಜಾಗ) ಎಲ್‌ಜಿಎ1200ರ ಚಿಪ್ 37.5 ಮಿಲಿಮೀಟರ್ ಚೌಕ. ನಿಮ್ಮ ಚಿಪ್‌ನ ಸಾಕೆಟ್ ಎಲ್‌ಜಿಎ1700 ಬಂದಾಗ ಅದು 37.5ಕ್ಕೆ 45 ಆಯಿತು, ಅಂದರೆ ಉದ್ದುದ್ದ. ಬೋರ್ಡಿನ ಲೋಹದ ಚೌಕಟ್ಟು ಚಿಪ್ಪನ್ನು ಒತ್ತಿ ಹಿಡಿಯುವುದು ಉದ್ದದ ಎರಡು ಬದಿಗಳ ನಡುವಿನಲ್ಲಿ. ಹಲಗೆಯ ನಡುವನ್ನು ಒತ್ತಿದರೆ ತುದಿಗಳು ಏಳುವಂತೆ ಇದರ ಮುಚ್ಚಳವೂ ತುಸು ಬಾಗುತ್ತದೆ. ಹೊಸ ಶೇವಿಂಗ್ ಬ್ಲೇಡಿನ ಅಂಚನ್ನು, ಕೈ ಜೋಪಾನ, ಮುಚ್ಚಳದ ಉದ್ದಕ್ಕೂ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಹಿಡಿದರೆ ನಡುವೆ ಬೆಳಕಿನ ಗೆರೆ ಕಾಣಬಹುದು. ಅದರ ಕೆಳಗಿನ ಸಿಲಿಕಾನ್ ತುಂಡು ಸುಮಾರು 20 ಮಿಲಿಮೀಟರ್ ಉದ್ದ, 10 ಮಿಲಿಮೀಟರ್ ಅಗಲ ಮಾತ್ರ, ಪಿ-ಕೋರ್‌ಗಳು ನಾಲ್ಕು ನಾಲ್ಕರಂತೆ ಎರಡು ಸಾಲಿನಲ್ಲಿವೆ. ಸಾಲಿನ ನಡುವಿನ ಕೋರ್‌ಗೆ ಅಕ್ಕಪಕ್ಕದಲ್ಲೂ ಬಿಸಿ ನೆರೆಹೊರೆ. ತುದಿಯ ಕೋರ್‌ಗೆ ಒಂದು ಬದಿಯಾದರೂ ತಣ್ಣಗಿರುತ್ತದೆ. ಅದಕ್ಕೇ ಎಲ್ಲ ಸರಿಯಿದ್ದರೂ 8, 10 ಡಿಗ್ರಿ ವ್ಯತ್ಯಾಸ ಉಳಿಯುತ್ತದೆ. ಬೆಂಗಳೂರಿನಲ್ಲಿ ನೀವು ಕಂಡ 8 ಡಿಗ್ರಿ ಇದೇ. ಅದರ ಬಗ್ಗೆ ಚಿಂತೆ ಬೇಡ.

ಆ ಬಾಗುವಿಕೆಗೆ ಪರಿಹಾರವಾಗಿ ಕಾಂಟ್ಯಾಕ್ಟ್ ಫ್ರೇಮ್ ಅಂತ ಮಾರುತ್ತಾರೆ. ಬೋರ್ಡಿನ ಚೌಕಟ್ಟನ್ನು ತೆಗೆದು ಅದರ ಜಾಗದಲ್ಲಿ ಸುತ್ತಲೂ ಸಮನಾಗಿ ಒತ್ತುವ ಫ್ರೇಮ್ ಕೂರಿಸುವುದು. ಕೆಲಸ ಮಾಡುತ್ತದೆ, ನಾನೇ ಹಾಕಿಕೊಟ್ಟಿದ್ದೇನೆ. ಆದರೆ ನಿಮಗೆ ಮೊದಲ ಹೆಜ್ಜೆಯಾಗಿ ಹೇಳಲಾರೆ. ತುಸು ಹೆಚ್ಚು ಬಿಗಿದರೆ ಒಂದು ರ‍್ಯಾಮ್ ಚಾನೆಲ್ ಕಾಣೆಯಾಗುತ್ತದೆ, ಕಂಪ್ಯೂಟರ್ ಆನ್ ಆಗದೆಯೂ ಹೋಗಬಹುದು. ಸಾಕೆಟ್ಟಿನ ಪಿನ್‌ಗಳ ಮೇಲೆ ಕೈ ಜಾರಿದರೆ ಬೋರ್ಡೇ ಹೋಯಿತು. ಚೌಕಟ್ಟು ಬದಲಿಸಿದರೆ ವಾರಂಟಿಗೆ ತೊಡಕಾಗಬಹುದು ಎಂದು ಇಂಟೆಲ್ ಹೇಳಿದೆ. ನಿಮ್ಮ ಚಿಪ್ ಹಿಂದೆ ಇದೇ ಚೌಕಟ್ಟಿನಲ್ಲಿ 8 ಡಿಗ್ರಿಗೆ ನಿಂತಿತ್ತು, ಹಾಗಾಗಿ ಈಗಿನ 19ಕ್ಕೆ ಚೌಕಟ್ಟನ್ನು ದೂರುವುದು ಸರಿಯಲ್ಲ.

ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಎಳೆ ಬಿಡದ ಬಟ್ಟೆ ಬೇಕು. ತೊಳೆದು ತೊಳೆದು ಸವೆದ ಹಳೆ ಪಂಚೆಯ ತುಂಡಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಹತ್ತಿ ಉಂಡೆ ಬೇಡ, ಪೆಟ್ರೋಲ್ ಬೇಡ. ಹೊಸ ಪೇಸ್ಟ್ ನಡುವೆ ಕಡಲೆಕಾಳಿನಷ್ಟು ಇಡಿ, ನಿಮ್ಮದು ಉದ್ದನೆಯ ಚಿಪ್ ಆದ್ದರಿಂದ ಉದ್ದಕ್ಕೆ ಸಣ್ಣ ಗೆರೆ ಎಳೆದರೂ ಆದೀತು. ಆಕಾರದ ಬಗ್ಗೆ ಜನ ಬಹಳ ವಾದ ಮಾಡುತ್ತಾರೆ, ಒತ್ತಡ ಸಮನಾಗಿದ್ದರೆ ಯಾವ ಆಕಾರವೂ ಹರಡಿಕೊಳ್ಳುತ್ತದೆ. ಬಿಗಿಯುವ ಕ್ರಮ ಮಾತ್ರ ತಪ್ಪಬಾರದು. ಒಂದು ಸ್ಕ್ರೂ ಎರಡು ಸುತ್ತು, ಆಮೇಲೆ ಅದರ ಕರ್ಣದ ತುದಿಯದ್ದು ಎರಡು ಸುತ್ತು, ಹೀಗೆ ತಾನಾಗಿ ನಿಲ್ಲುವ ತನಕ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಪೇಸ್ಟ್ ಒಂದು ಬದಿಗೆ ಓಡುತ್ತದೆ. ಪ್ರೊಸೆಸರ್ ಜೊತೆಗೇ ಬರುವ ಇಂಟೆಲ್ ಕೂಲರ್ ಬಳಸುವವರು ನಾಲ್ಕು ಪ್ಲಾಸ್ಟಿಕ್ ಗೂಟಗಳೂ ಬೋರ್ಡಿನ ಹಿಂಬದಿಯಲ್ಲಿ ಪೂರ್ತಿ ಹೊರಬಂದಿವೆಯೇ ಎಂದು ನೋಡಲೇಬೇಕು. ನನ್ನ ಬಳಿ ಬರುವ ಅಂಥ ಕಂಪ್ಯೂಟರ್‌ಗಳಲ್ಲಿ ಒಂದು ಗೂಟ ಅರ್ಧ ಕೂತಿರುವುದೇ ಸಾಮಾನ್ಯ ಕಾಯಿಲೆ.

ಮತ್ತೆ ಕೂರಿಸುವಾಗ ಒಂದು ಉಪಾಯ ಮಾಡಿ. ಕೂಲರ್‌ನ ರಚನೆ ಅವಕಾಶ ಕೊಟ್ಟರೆ, ಅದನ್ನು ಹಿಂದಿದ್ದ ದಿಕ್ಕಿಗೆ ತಿರುಗುಮುರುಗಾಗಿ, ಅಂದರೆ 180 ಡಿಗ್ರಿ ತಿರುಗಿಸಿ ಕೂರಿಸಿ, ಫ್ಯಾನನ್ನು ಮಾತ್ರ ಗಾಳಿ ಕೇಸಿನ ಹಿಂದಕ್ಕೆ ಹೋಗುವಂತೆ ಹಾಕಿ. ಅಂತರ ಮಾಯವಾದರೆ ಕೆಲಸ ಮುಗಿಯಿತು. ಅಂತರ ಉಳಿದು, ಬಿಸಿ ಬೇರೆ ಕೋರ್‌ಗಳಿಗೆ ಹೋದರೆ ಕೂಲರ್‌ನ ಬುಡ ಅಥವಾ ಅದರ ಬ್ರಾಕೆಟ್ ಸಮನಾಗಿಲ್ಲ. ಅವೇ ಎರಡು ಕೋರ್ ಬಿಸಿಯಾಗೇ ಉಳಿದರೆ ಆಗ ಮಾತ್ರ ಚಿಪ್, ಅದರ ಚೌಕಟ್ಟು ಮತ್ತು ಬೋರ್ಡಿಗೇ ಬಿಗಿದ ಕಂಬಗಳ ಕಡೆ ನೋಡಬೇಕು.

ಈ ಪರೀಕ್ಷೆಯನ್ನು ನಾನು ಕಲಿತದ್ದು ಒಬ್ಬರಿಗೆ ನಷ್ಟ ಮಾಡಿದ ಮೇಲೆ. ಬಾಗೇಪಲ್ಲಿ ಕಡೆಯ ಫೋಟೋ ಸ್ಟುಡಿಯೋದವರೊಬ್ಬರು ಹಳೆ ಕೂಲರನ್ನು ಹೊಸ ಬೋರ್ಡಿಗೆ ಹಾಕಿಸಿದ್ದರು. ಒಂದು ಕೋರ್ ಉಳಿದವಕ್ಕಿಂತ 20 ಡಿಗ್ರಿ ಮೇಲಿತ್ತು. ಪೇಸ್ಟ್ ಬದಲಿಸಿದೆ, ಇಳಿಯಲಿಲ್ಲ. ಚಿಪ್ ದೋಷ ಎಂದು ತೀರ್ಮಾನಿಸಿ ವಾರಂಟಿಗೆ ಕಳಿಸಿದೆ. ಮೂರು ವಾರದ ಮೇಲೆ ಬದಲಿ ಚಿಪ್ ಬಂತು, ಅದರಲ್ಲೂ ಅದೇ 20 ಡಿಗ್ರಿ. ಆಮೇಲೆ ಅಳೆದು ನೋಡಿದಾಗ ತಿಳಿಯಿತು. ಕೂಲರ್ ರಂಧ್ರಗಳ ಅಂತರ ಹಿಂದಿನ ಬೋರ್ಡ್‌ಗಳಲ್ಲಿ 75 ಮಿಲಿಮೀಟರ್, ಎಲ್‌ಜಿಎ1700ರಲ್ಲಿ 78, ಜೊತೆಗೆ ಚಿಪ್‌ನ ಎತ್ತರವೂ ತುಸು ಕಡಿಮೆ. ಕೂಲರ್ ಜೊತೆಗೇ ತಿರುಗುವ ಹಳೆಯ ಕಿಟ್ಟಿನ ಒಂದು ಕಂಬ ಉಳಿದ ಮೂರಕ್ಕಿಂತ ಎತ್ತರವಿದ್ದು, ಅದರ ಸ್ಕ್ರೂ ಕಂಬಕ್ಕೆ ತಾಗಿ ನಿಲ್ಲುತ್ತಿತ್ತು. ಚಿಪ್ಪನ್ನು ಒತ್ತುತ್ತಲೇ ಇರಲಿಲ್ಲ. ಆ ಮೂರು ವಾರ ಮದುವೆ ಸೀಸನ್. ಅವರು ಆಲ್ಬಂ ಕೆಲಸವನ್ನು ಹೊರಗೆ ಕೊಟ್ಟು ಮಾಡಿಸಬೇಕಾಯಿತು. ಇವತ್ತಿಗೂ ಅದನ್ನು ನೆನೆದರೆ ನನಗೆ ಬೇಸರವಾಗುತ್ತದೆ. ಕೂಲರ್ ತಿರುಗಿಸಿ ನೋಡಲು ಅರ್ಧ ಗಂಟೆ ಸಾಕಿತ್ತು.

ಇನ್ನು ನಿಮ್ಮ ಚಿಪ್‌ಗೆ ಅಪಾಯವಿದೆಯೇ? ಈಗ ಇಲ್ಲ. 100 ಡಿಗ್ರಿ ಮುಟ್ಟಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆದರೆ ಈಗ ನಿಮ್ಮ ಕೋಣೆಯಲ್ಲಿ 24 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಶೀಟ್ ಮನೆಯೊಳಗೆ 36 ಆದರೆ ಆ 12 ಡಿಗ್ರಿ ಬಹುಮಟ್ಟಿಗೆ ಹಾಗೇ ಪ್ರೊಸೆಸರ್ ಮೇಲೆ ಕೂಡಿಕೊಳ್ಳುತ್ತದೆ. 93 ಆಗ 105 ಆಗಲು ಹೊರಟು 100ಕ್ಕೆ ತಡೆದು ನಿಲ್ಲುತ್ತದೆ. ಎರಡು ಕೋರ್‌ಗಳ ದೆಸೆಯಿಂದ ಎಂಟೂ ಕೋರ್‌ಗಳ ಓಟ ಕುಂಠಿತವಾಗುತ್ತದೆ, ಆರು ಕೋರ್‌ಗಳಲ್ಲಿ ಇನ್ನೂ ಜಾಗವಿದ್ದರೂ. ಆದ್ದರಿಂದ ಈ ಕೆಲಸವನ್ನು ಶಿವರಾತ್ರಿಯೊಳಗೆ ಮುಗಿಸಿಕೊಳ್ಳಿ.

ಅದರ ಜೊತೆಗೇ ವಿದ್ಯುತ್ ಮಿತಿಯನ್ನೂ ಸರಿಮಾಡಿ. ನಿಮ್ಮ ಚಿಪ್‌ಗೆ ಇಂಟೆಲ್ ಹೇಳುವ ಮೂಲ ಮಿತಿ 65 ವಾಟ್, ಟರ್ಬೊದಲ್ಲಿ 180. ಅನೇಕ ಬೋರ್ಡ್‌ಗಳು ಕೂಲರ್ ಯಾವುದೆಂದು ನೋಡದೆ ಮೇಲಿನ ಮಿತಿಯಲ್ಲೇ ಸದಾ ಓಡಿಸುತ್ತವೆ. ಪಿಎಲ್1 ಅನ್ನು 125 ವಾಟ್‌ಗೆ ಇಡಿ. ರೆಂಡರ್ ಸಮಯ ತುಸು ಹೆಚ್ಚಬಹುದು, ವಿದ್ಯುತ್ತಿನಷ್ಟು ಪ್ರಮಾಣದಲ್ಲಿ ಖಂಡಿತ ಅಲ್ಲ. ಕೊನೆಯ ನೂರಿನ್ನೂರು ಮೆಗಾಹರ್ಟ್ಸ್‌ಗೆ ಚಿಪ್ ವಿಪರೀತ ವಿದ್ಯುತ್ ತಿನ್ನುತ್ತದೆ. ಮೊದಲಿನ ಲೆಕ್ಕದಲ್ಲೇ ನೋಡಿದರೆ 19 ಡಿಗ್ರಿಯ ಅಂತರವೂ ಇದರಿಂದ 15ಕ್ಕೆ ಇಳಿಯುತ್ತದೆ.

ಎಎಂಡಿಯ ರೈಜೆನ್ ಪ್ರೊಸೆಸರ್ ಇರುವವರೂ ಇದೇ ಕೇಳುತ್ತಾರೆ, ಅವರಿಗೆ ಒಂದು ಮಾತು. ಅಲ್ಲಿ ಬಹಳಷ್ಟು ಮಾದರಿಗಳಲ್ಲಿ ಕೋರ್‌ಗಳಿರುವ ಸಣ್ಣ ಸಿಲಿಕಾನ್ ತುಂಡು, ಅಂದರೆ ಚಿಪ್ಲೆಟ್, ಮುಚ್ಚಳದ ನಡುವೆ ಇರುವುದಿಲ್ಲ, ಒಂದು ಪಕ್ಕಕ್ಕಿರುತ್ತದೆ. ನಿಮ್ಮ ಕೂಲರ್‌ನ ಬ್ರಾಕೆಟ್‌ನಲ್ಲಿ ಪಕ್ಕಕ್ಕೆ ಸರಿಸಿ ಕೂರಿಸುವ ಅವಕಾಶವಿದ್ದರೆ ಅದನ್ನು ಬಳಸಿ. ಎರಡು ಚಿಪ್ಲೆಟ್‌ಗಳ ಮಾದರಿಗಳಲ್ಲಿ ಅವುಗಳ ನಡುವೆ ತಾಪ ಬೇರೆ ಬೇರೆ ಇರುವುದು ಸಹಜ.

ಎಲ್ಲ ಮಾಡಿಯೂ ಅವೇ ಎರಡು ಕೋರ್ 12, 13 ಡಿಗ್ರಿ ಮೇಲೇ ನಿಂತರೆ, ವಾರಂಟಿಗೆ ಕಳಿಸಬೇಡಿ. ಮಿತಿಯೊಳಗೆ ಓಡುತ್ತಿರುವ ಚಿಪ್ಪನ್ನು ಅಂತರದ ಕಾರಣಕ್ಕಷ್ಟೇ ಬದಲಿಸಿಕೊಡುವುದು ಕಷ್ಟ, ಆ ದಿನಗಳಲ್ಲಿ ನಿಮ್ಮ ಕೆಲಸವೂ ನಿಲ್ಲುತ್ತದೆ. 125 ವಾಟ್‌ನಲ್ಲಿ ನಿಶ್ಚಿಂತೆಯಿಂದ ರೆಂಡರ್ ಮಾಡಿ. ಇವತ್ತಿನ ಎಂಟು ಸಂಖ್ಯೆಗಳನ್ನು, ವಾಟ್ ಮತ್ತು ಕೋಣೆಯ ತಾಪದ ಜೊತೆ, ತಾರೀಖು ಹಾಕಿ ಕೇಸಿನ ಬಾಗಿಲ ಒಳಬದಿಗೆ ಅಂಟಿಸಿ. ಮುಂದಿನ ಸಲ ಬಸ್ಸಿನಲ್ಲಿ ಒಯ್ಯಬೇಕಾದರೆ ಕೂಲರ್ ಬಿಚ್ಚಿ ಬೇರೆ ಡಬ್ಬಿಯಲ್ಲಿಡಿ. ಬಿಚ್ಚಲು ಮನಸ್ಸಿಲ್ಲದಿದ್ದರೆ ಕೇಸನ್ನು ಮಲಗಿಸಿ ತೊಡೆಯ ಮೇಲಿಟ್ಟುಕೊಂಡೇ ಬನ್ನಿ.